ಗುಂಡಿನ ತೂಕವಲ್ಲ, ಉದ್ದ ನೋಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಈಚೆಗೆ ಪ್ರಕಟವಾದ ರೈಫಲ್ ಶೂಟಿಂಗ್ ಕುರಿತ ಲೇಖನ ಹೊಸಬರಿಗೂ ಅರ್ಥವಾಗುವಷ್ಟು ಸರಳವಾಗಿತ್ತು. ಆದರೆ ದೂರದ ಗುರಿಗೆ ಭಾರವಾದ ಗುಂಡನ್ನೇ ಆರಿಸಿಕೊಳ್ಳಬೇಕು ಎಂದು ಅದರಲ್ಲಿ ಕೊಟ್ಟ ಸಲಹೆ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ಹೇಳದೆ ಬಿಟ್ಟರೆ, ಅದನ್ನು ನಂಬಿ ತೋಟಾ ಕೊಳ್ಳುವವರ ದುಡ್ಡೂ ದಂಡ, ಲೈಸೆನ್ಸಿನ ಮೇಲೆ ಎಣಿಸಿ ಕೊಡುವ ತೋಟಾಗಳೂ ದಂಡ. ಆ ಕಾರಣಕ್ಕೆ ಈ ವಿವರಣೆಯನ್ನು ಕಳಿಸುತ್ತಿದ್ದೇನೆ.

ರೈಫಲ್ಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಗುಂಡು ಆ ಗೀರುಗಳನ್ನು ಕಚ್ಚಿಕೊಂಡೇ ಮುಂದೆ ಸಾಗುವುದರಿಂದ ತಿರುಗುತ್ತಾ ಹೊರಬೀಳುತ್ತದೆ. ಒಂದು ಪೂರ್ತಿ ಸುತ್ತಿಗೆ ಗುಂಡು ನಳಿಗೆಯಲ್ಲಿ ಎಷ್ಟು ದೂರ ಸಾಗಬೇಕು ಎಂಬುದೇ ಟ್ವಿಸ್ಟ್. 1:8 ಎಂದರೆ 8 ಇಂಚಿಗೆ ಒಂದು ಸುತ್ತು, 1:12 ಎಂದರೆ 12 ಇಂಚಿಗೆ ಒಂದು ಸುತ್ತು. ಅಂಕಿ ಚಿಕ್ಕದಾದಷ್ಟೂ ತಿರುಗುವಿಕೆ ಜೋರು ಎಂಬುದನ್ನು ಹೊಸಬರು ಬಹಳ ಸಲ ತಲೆಕೆಳಗಾಗಿ ಹಿಡಿಯುತ್ತಾರೆ. ಮೊನಚು ಮೂತಿಯ ಉದ್ದನೆಯ ಗುಂಡಿನಲ್ಲಿ ಎದುರುಗಾಳಿಯ ಒತ್ತಡ ಬೀಳುವ ಜಾಗ ಗುಂಡಿನ ಭಾರಕೇಂದ್ರಕ್ಕಿಂತ ಮುಂದೆ ಇರುತ್ತದೆ. ಹೀಗಾಗಿ ಗಾಳಿ ಅದರ ಮೂತಿಯನ್ನು ಹಿಡಿದು ಹಿಂದಕ್ಕೆ ಮಗುಚಲು ನೋಡುತ್ತಲೇ ಇರುತ್ತದೆ. ಹಾಗೆ ಮಗುಚದಂತೆ ತಡೆಯುವುದು ತಿರುಗುವಿಕೆ ಮಾತ್ರ, ಬುಗುರಿಯನ್ನು ಅದರ ತಿರುಗುವಿಕೆ ಬೀಳದಂತೆ ನೆಟ್ಟಗೆ ಹಿಡಿದಂತೆ. ಗುಂಡು ಉದ್ದವಾದಷ್ಟೂ ಗಾಳಿಗೆ ಸಿಗುವ ಹಿಡಿತ ಹೆಚ್ಚುತ್ತದೆ, ಅದನ್ನು ತಡೆಯಲು ಬೇಕಾದ ತಿರುಗುವಿಕೆಯೂ ಹೆಚ್ಚುತ್ತದೆ.

ಇಲ್ಲಿ ಮುಖ್ಯವಾದದ್ದು ಉದ್ದವೇ ಹೊರತು ತೂಕವಲ್ಲ. ಒಂದೇ ಅಡ್ಡಳತೆಯ, ಒಂದೇ ಲೋಹದ ಗುಂಡು ಭಾರವಾಗಬೇಕಾದರೆ ಉದ್ದವಾಗದೆ ಬೇರೆ ದಾರಿಯಿಲ್ಲದ ಕಾರಣ, ಅಂಗಡಿಯವರೂ ತಯಾರಕರೂ ಉದ್ದ ಹೇಳಬೇಕಾದಲ್ಲಿ ತೂಕ ಹೇಳುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಬಹುಪಾಲು ಸಂದರ್ಭಗಳಲ್ಲಿ ಆ ರೂಢಿ ನಡೆದೀತು. ನಡೆಯದ ಸಂದರ್ಭಗಳೇ ಪಾಠ ಕಲಿಸುವಂಥವು.

ನಮ್ಮ ಇತಿಹಾಸದ ಪುಸ್ತಕಗಳಲ್ಲಿ 1857ರ ದಂಗೆಯ ಪ್ರಸಂಗದಲ್ಲಿ, ಕೊಬ್ಬು ಸವರಿದ ತೋಟಾಗಳ ಮೂಲಕ ಹೆಸರಾದ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲನ್ನೇ ನೋಡಿ. ಅದರ ಬೋರು, ಅಂದರೆ ನಳಿಗೆಯ ಒಳ ಅಡ್ಡಳತೆ, .577 ಇಂಚು, ಗುಂಡು ಸುಮಾರು 530 ಗ್ರೇನ್ (ಗುಂಡು ತೂಗುವ ಚಿಕ್ಕ ಅಳತೆ, ಸುಮಾರು 15 ಗ್ರೇನಿಗೆ ಒಂದು ಗ್ರಾಂ), ಟ್ವಿಸ್ಟ್ 78 ಇಂಚಿಗೆ ಒಂದು ಸುತ್ತು. ಅದೇ ಕಾಲದಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರತಜ್ಞ ತಯಾರಿಸಿದ ಆರುಮೂಲೆ ಬೋರಿನ ರೈಫಲ್ಲಿನ ಗುಂಡಿನ ತೂಕವೂ ಸುಮಾರು 530 ಗ್ರೇನೇ. ಆದರೆ ಅವನ ಬೋರು .451 ಇಂಚಿನಷ್ಟು ಕಿರಿದಾದ್ದರಿಂದ ಅಷ್ಟೇ ಸೀಸ ಉದ್ದುದ್ದವಾಗಿ ನಿಲ್ಲಬೇಕಾಯಿತು. ಎನ್‌ಫೀಲ್ಡ್ ಗುಂಡಿನ ಉದ್ದ ಅದರ ಅಡ್ಡಳತೆಯ ಎರಡು ಪಟ್ಟಿಗೂ ಕಡಿಮೆ, ವಿಟ್‌ವರ್ತ್ ಗುಂಡಿನದು ಹತ್ತಿರ ಹತ್ತಿರ ಮೂರು ಪಟ್ಟು. ಆದ್ದರಿಂದ ಅವನು ಟ್ವಿಸ್ಟನ್ನು 20 ಇಂಚಿಗೆ ತಂದ. 1857ರ ಪರೀಕ್ಷೆಗಳಲ್ಲಿ ದೂರದ ಗುರಿಗಳಿಗೆ ವಿಟ್‌ವರ್ತ್ ರೈಫಲ್ ಎನ್‌ಫೀಲ್ಡನ್ನು ಬಹಳ ಹಿಂದೆ ಹಾಕಿತು. ಬೆಲೆ ವಿಪರೀತವಾದ್ದರಿಂದಲೂ ಮಸಿ ಬೇಗ ಕಟ್ಟುತ್ತಿದ್ದುದರಿಂದಲೂ ಸೇನೆ ಅದನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ತೂಕ ಒಂದೇ ಇದ್ದರೂ ಟ್ವಿಸ್ಟಿನಲ್ಲಿ ನಾಲ್ಕು ಪಟ್ಟಿನ ಹತ್ತಿರ ವ್ಯತ್ಯಾಸ ಬೇಕಾಯಿತು ಎಂಬುದನ್ನು ತೂಕದ ಪಟ್ಟಿ ನೋಡಿ ಟ್ವಿಸ್ಟ್ ನಿರ್ಧರಿಸುವವರು ಗಮನಿಸಬೇಕು.

ಇನ್ನೂ ಹತ್ತಿರದ ಕಾಲದ ನಿದರ್ಶನವೂ ಇದೆ. ನ್ಯಾಟೋ ಒಕ್ಕೂಟ 1980ರಲ್ಲಿ ಒಪ್ಪಿಕೊಂಡ 5.56 ಮಿ.ಮೀ. ತೋಟಾದ ಗುಂಡು 62 ಗ್ರೇನ್. ಅದಕ್ಕೆ 1:9 ಟ್ವಿಸ್ಟ್ ಸಾಕು. ಆದರೂ ಅಮೆರಿಕದ ಸೇನೆ ತನ್ನ ರೈಫಲ್ಲಿಗೆ 1:7 ಆರಿಸಿಕೊಂಡಿತು. ಕಾರಣ ಅದರ ಜೊತೆಗೆ ಹಾರಿಸಬೇಕಾದ, ಬಾಲದಲ್ಲಿ ಬೆಳಕು ಉರಿಯುವ ಟ್ರೇಸರ್ ಗುಂಡು. ಒಳಗೆ ಹಗುರವಾದ ರಾಸಾಯನಿಕ ತುಂಬಿದ್ದರಿಂದ ಟ್ರೇಸರಿನ ತೂಕ ಸುಮಾರು 64 ಗ್ರೇನ್ ಮಾತ್ರ, ಆದರೆ ಉದ್ದ ಬಹಳ ಹೆಚ್ಚು. ಎರಡೇ ಗ್ರೇನಿನ ವ್ಯತ್ಯಾಸಕ್ಕೆ ಯಾರೂ ನಳಿಗೆ ಬದಲಿಸುವುದಿಲ್ಲ. ಈಗ ಬರುತ್ತಿರುವ ಸೀಸವಿಲ್ಲದ ತಾಮ್ರದ ಗುಂಡುಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ತಾಮ್ರ ಸೀಸಕ್ಕಿಂತ ಹಗುರ ಲೋಹವಾದ್ದರಿಂದ ಅಷ್ಟೇ ತೂಕದ ಗುಂಡು ಹೆಚ್ಚು ಉದ್ದವಾಗುತ್ತದೆ, ಸೀಸದ ಗುಂಡಿಗೆ ಸರಿಹೋದ ನಳಿಗೆ ಅದಕ್ಕೆ ಸಾಲದೆ ಹೋಗಬಹುದು.

ಇದನ್ನು ಲೆಕ್ಕಕ್ಕೆ ಇಳಿಸಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ವುಲಿಚ್‌ನಲ್ಲಿ ಸೈನಿಕ ಅಧಿಕಾರಿಗಳಿಗೆ ಗಣಿತ ಕಲಿಸುತ್ತಿದ್ದ ಜಾರ್ಜ್ ಗ್ರೀನ್‌ಹಿಲ್. 1879ರ ಅವರ ಸೂತ್ರ ಕಾಗದ, ಪೆನ್ಸಿಲ್ ಇದ್ದರೆ ಯಾರೂ ಮಾಡಬಹುದಾದಷ್ಟು ಸುಲಭ. ಗುಂಡಿನ ಅಡ್ಡಳತೆಯ ವರ್ಗವನ್ನು 150ರಿಂದ ಗುಣಿಸಿ, ಬಂದದ್ದನ್ನು ಗುಂಡಿನ ಉದ್ದದಿಂದ ಭಾಗಿಸಿದರೆ ಬೇಕಾದ ಟ್ವಿಸ್ಟ್ ಇಂಚಿನಲ್ಲಿ ಸಿಗುತ್ತದೆ. ವೇಗ ಸೆಕೆಂಡಿಗೆ 2,800 ಅಡಿ ದಾಟುವಂತಿದ್ದರೆ 150ರ ಬದಲು 180 ಹಿಡಿಯುವುದು ರೂಢಿ. ಸೂತ್ರದಲ್ಲಿ ತೂಕ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. .224 ಇಂಚು ಅಡ್ಡಳತೆಯ, 77 ಗ್ರೇನ್ ತೂಕದ ಮ್ಯಾಚ್ (ಸ್ಪರ್ಧೆಯ) ಗುಂಡು ಸುಮಾರು 1 ಇಂಚು ಉದ್ದವಿರುತ್ತದೆ. 150 ಹಿಡಿದರೆ ಅದಕ್ಕೆ 7.5 ಇಂಚಿನ ಟ್ವಿಸ್ಟ್, 180 ಹಿಡಿದರೆ 9 ಇಂಚಿನದು. ಟಾರ್ಗೆಟ್ ಶೂಟರುಗಳು ಆ ಗುಂಡಿಗೆ ಸಾಮಾನ್ಯವಾಗಿ ಆರಿಸುವುದು ಇವೆರಡರ ನಡುವಿನ 1:8.

ಈಗ ಹೆಚ್ಚು ಬಳಕೆಯಲ್ಲಿರುವುದು ಡಾನ್ ಮಿಲ್ಲರ್ ಅವರ ಸೂತ್ರ. ಅದು ಉದ್ದದ ಜೊತೆಗೆ ತೂಕ, ವೇಗ, ಗಾಳಿಯ ಸಾಂದ್ರತೆಗಳನ್ನೂ ಸೇರಿಸಿಕೊಂಡು, ಗುಂಡು ಎಷ್ಟು ಸ್ಥಿರವಾಗಿದೆ ಎಂಬುದನ್ನು ಒಂದು ಅಂಕಿಯಲ್ಲಿ ಹೇಳುತ್ತದೆ. ಅಂಕಿ 1ಕ್ಕಿಂತ ಕೆಳಗಿದ್ದರೆ ಗುಂಡು ಮಗುಚುತ್ತದೆ, 1.5 ಅಥವಾ ಅದಕ್ಕಿಂತ ಮೇಲಿದ್ದರೆ ನಿಶ್ಚಿಂತೆ. ಮೇಲೆ ಹೇಳಿದ 77 ಗ್ರೇನ್ ಗುಂಡಿಗೆ 1:12 ನಳಿಗೆಯಲ್ಲಿ ಬರುವ ಅಂಕಿ ಸುಮಾರು 0.77, 1:9ರಲ್ಲಿ ಸುಮಾರು 1.36, 1:8ರಲ್ಲಿ 1.7ರ ಆಸುಪಾಸು. 55 ಗ್ರೇನ್ ಗುಂಡಿಗೆಂದು ಮಾಡಿದ 1:12 ರೈಫಲ್ ಇಟ್ಟುಕೊಂಡವರು ಲೇಖನದ ಸಲಹೆಯಂತೆ ಭಾರದ ಗುಂಡು ಹಾಕಿದರೆ ಏನಾದೀತು ಎಂಬುದನ್ನು ಈ ಮೊದಲ ಅಂಕಿಯೇ ಹೇಳುತ್ತದೆ. 1.5ಕ್ಕಿಂತ ಕೆಳಗಿದ್ದು 1ಕ್ಕಿಂತ ಮೇಲಿದ್ದರೆ ಗುರಿಹಲಗೆಯ ಮೇಲೆ ತೂತುಗಳ ಗುಂಪು ನೋಡಲು ಚೆನ್ನಾಗಿಯೇ ಬೀಳಬಹುದು. ಆದರೆ ಗುಂಡು ಸಣ್ಣಗೆ ಓಲಾಡುತ್ತಾ ಸಾಗುವುದರಿಂದ ಗಾಳಿಯ ಎಳೆತ ಹೆಚ್ಚಿ, ದೂರದವರೆಗೂ ವೇಗ ಉಳಿಸಿಕೊಳ್ಳುವ ಯಾವ ಲಾಭಕ್ಕಾಗಿ ಭಾರದ ಗುಂಡು ಕೊಂಡರೋ ಆ ಲಾಭದಲ್ಲೇ ಒಂದಷ್ಟು ಸೋರಿಹೋಗುತ್ತದೆ.

ಗಾಳಿಯ ಸಾಂದ್ರತೆ ಪುಸ್ತಕದ ಮಾತಷ್ಟೇ ಅಲ್ಲ. ಅಮೆರಿಕದ ಎಂ-16 ರೈಫಲ್ಲಿನ ಮೊದಲ ನಳಿಗೆಗಳ ಟ್ವಿಸ್ಟ್ 1:14 ಇತ್ತು. 55 ಗ್ರೇನ್ ಗುಂಡಿಗೆ ಅದು ಅಂಚಿನ ಮೇಲೆ ನಿಂತ ಲೆಕ್ಕ. ಕೊರೆಯುವ ಚಳಿಯ ದಟ್ಟ ಗಾಳಿಯಲ್ಲಿ ಗುಂಡುಗಳು ತತ್ತರಿಸುತ್ತವೆಂದು ಪರೀಕ್ಷೆಗಳಲ್ಲಿ ಕಂಡ ಮೇಲೆ 1960ರ ದಶಕದಲ್ಲಿ ಅದನ್ನು 1:12ಕ್ಕೆ ಬದಲಿಸಿದರು. ನಮ್ಮಲ್ಲಿ ಸಾವಿರ ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ ಗಾಳಿ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲಿನಷ್ಟು ತೆಳು, ಗುಂಡಿನ ಸ್ಥಿರತೆ ಅಷ್ಟರ ಮಟ್ಟಿಗೆ ಹೆಚ್ಚು. ಇಲ್ಲಿ ಹೇಗೋ ನೆಟ್ಟಗೆ ಹೋದ ಗುಂಡು ಮಂಗಳೂರಿನಲ್ಲಿ ಕೈಕೊಟ್ಟರೆ ಶೂಟರಿನ ಕೈಯನ್ನೇ ದೂರಬೇಕಿಲ್ಲ.

ಹಾಗಾದರೆ ಎಲ್ಲರೂ 1:7 ನಳಿಗೆಯನ್ನೇ ಕೊಂಡರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಯಾವ ಗುಂಡೂ ನೂರಕ್ಕೆ ನೂರು ಸಮತೋಲನದಲ್ಲಿ ಇರುವುದಿಲ್ಲ. ತಾಮ್ರದ ಕವಚ ಒಂದು ಕಡೆ ಕೂದಲೆಳೆಯಷ್ಟು ದಪ್ಪವಿದ್ದರೂ ತಿರುಗುವಿಕೆ ಜೋರಾದಷ್ಟೂ ಆ ದೋಷ ಗುರಿಹಲಗೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. 1:8 ನಳಿಗೆಯಿಂದ ಸೆಕೆಂಡಿಗೆ 2,750 ಅಡಿ ವೇಗದಲ್ಲಿ ಹೊರಟ ಗುಂಡು ನಿಮಿಷಕ್ಕೆ 2,47,500 ಸುತ್ತು ತಿರುಗುತ್ತಿರುತ್ತದೆ. ತೆಳು ಕವಚದ ಹಗುರ ಗುಂಡನ್ನು ಇದಕ್ಕಿಂತ ಜೋರಾಗಿ ತಿರುಗಿಸಿದರೆ ಅದು ದಾರಿಯಲ್ಲೇ ಚೂರಾಗುವುದೂ ಉಂಟು. ರೈಫಲ್ಲನ್ನು ಮೇಜಿನ ಮೇಲೆ ಊರಿ ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿ 100 ಮತ್ತು 200 ಗಜದ ಗುರಿಗೆ ಒಂದೇ ತೂತಿನಲ್ಲಿ ಗುಂಡುಗಳನ್ನು ಹಾಯಿಸುವ 6 ಮಿ.ಮೀ. ಪಿಪಿಸಿ ಎಂಬ ತೋಟಾದ ರೈಫಲ್ಲುಗಳಿಗೆ 68 ಗ್ರೇನಿನ ಗಿಡ್ಡ ಗುಂಡೂ 1:14ರ ಆಸುಪಾಸಿನ ನಿಧಾನ ಟ್ವಿಸ್ಟೂ ಇರುವುದು ಇದೇ ಕಾರಣಕ್ಕೆ. ಸಾವಿರ ಗಜದವರೆಗೆ ನಡೆಯುವ ಪಾಲ್ಮಾ ಸ್ಪರ್ಧೆಯಲ್ಲೂ 155 ಗ್ರೇನಿನ .308 ಗುಂಡಿಗೆ 1:13 ಟ್ವಿಸ್ಟಿನ ನಳಿಗೆಯನ್ನು ಆರಿಸುವವರಿದ್ದಾರೆ.

ನಮ್ಮ ರಾಜ್ಯದ ಅನೇಕ ಶೂಟರುಗಳ ಕೈಯಲ್ಲಿರುವುದು .22 ರೈಫಲ್. ಎನ್‌ಸಿಸಿ ಕೆಡೆಟ್ಟುಗಳು ಮೊದಲು ಹಿಡಿಯುವುದೂ ಅದನ್ನೇ, ಕೈಲ್‌ಪೊಳ್ದ್ ಸಮಯದಲ್ಲಿ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಈಡು ಹೊಡೆಯುವ ಸ್ಪರ್ಧೆಗಳಲ್ಲಿ ಕಾಣುವುದೂ ಅದನ್ನೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯೂ .22 ರೈಫಲ್ಲಿನದೇ. ಈ ರೈಫಲ್ಲುಗಳಿಗೆ 1:16 ಟ್ವಿಸ್ಟ್, 40 ಗ್ರೇನ್ ಗುಂಡು ಎಂಬುದು ಬಹಳ ಹಿಂದೆಯೇ ಇತ್ಯರ್ಥವಾದ ಜೋಡಿ. ಮ್ಯಾಚ್ ತೋಟಾ ಮಾಡುವವರು ಅದನ್ನು ಬದಲಿಸುವ ಗೋಜಿಗೆ ಹೋಗುವುದಿಲ್ಲ. ದೊಡ್ಡ ಸ್ಪರ್ಧಿಗಳು ತೂಕ ಬದಲಿಸುವುದರ ಬದಲು ಒಂದೇ ತೋಟಾದ ಬೇರೆ ಬೇರೆ ಲಾಟುಗಳನ್ನು, ಅಂದರೆ ಬೇರೆ ಬೇರೆ ಸಲ ತಯಾರಾದ ಕಂತುಗಳನ್ನು, ತಮ್ಮ ನಳಿಗೆಯಲ್ಲಿ ಹಾರಿಸಿ ನೋಡಿ, ಹೊಂದಿದ ಲಾಟನ್ನು ಕೂಡಿಟ್ಟುಕೊಳ್ಳುತ್ತಾರೆ. ವಿದೇಶದಲ್ಲಿ ಸಿಗುವ 60 ಗ್ರೇನಿನ .22 ತೋಟಾ 1:16 ನಳಿಗೆಯಲ್ಲಿ ಮಗುಚಿ ಬೀಳುತ್ತದೆ, ಅದಕ್ಕೆ 1:9ರಷ್ಟು ಜೋರಾದ ಟ್ವಿಸ್ಟ್ ಬೇಕು. 12 ಬೋರ್ ತೋಟಾಕೋವಿಯ ನಳಿಗೆ ನುಣುಪಾದ್ದರಿಂದ ಅದಕ್ಕೆ ಈ ಚರ್ಚೆಯೇ ಇಲ್ಲ. ಇಲ್ಲಿನ ಸರ್ಕಾರಿ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್ಲಿಗೆ ಸಾಮಾನ್ಯವಾಗಿ ಸಿಗುವುದು 244 ಗ್ರೇನಿನ ತೋಟಾ ಮಾತ್ರವಾದ್ದರಿಂದ ಆಯ್ಕೆಯ ಪ್ರಶ್ನೆ ಅಲ್ಲಿಯೂ ಕಡಿಮೆ. ಆಯ್ಕೆ ಇರುವುದು ದೊಡ್ಡ ಬೋರಿನ ಟಾರ್ಗೆಟ್ ರೈಫಲ್ಲುಗಳಲ್ಲಿ, ಹಾಳಾಗುವುದೂ ಅಲ್ಲಿಯೇ.

ತಮ್ಮ ರೈಫಲ್ಲಿನ ಟ್ವಿಸ್ಟ್ ಗೊತ್ತಿಲ್ಲದವರು ಅದನ್ನು ಮನೆಯಲ್ಲೇ ಅಳೆಯಬಹುದು. ಮೊದಲು ನಳಿಗೆಯ ಹಿಂತುದಿಯ ಚೇಂಬರಿನಲ್ಲಿ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಂಡು, ಅದನ್ನು ಮುಚ್ಚುವ ಬೋಲ್ಟ್ ತೆಗೆದಿಡಬೇಕು. ಹಿಡಿ ತಾನಾಗಿ ತಿರುಗುವಂಥ ಕ್ಲೀನಿಂಗ್ ರಾಡಿನ ತುದಿಗೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಅದನ್ನು ನಳಿಗೆಯೊಳಗೆ ಸ್ವಲ್ಪ ತೂರಿಸಬೇಕು. ಚೇಂಬರಿನ ಅಂಚಿಗೆ ಸರಿಯಾಗಿ ರಾಡಿನ ಮೇಲ್ಭಾಗದಲ್ಲಿ ಪೆನ್ನಿನಿಂದ ಒಂದು ಗುರುತು ಹಾಕಿ ನಿಧಾನವಾಗಿ ತಳ್ಳುತ್ತಾ ಹೋದರೆ, ಬಟ್ಟೆ ಗೀರುಗಳನ್ನು ಕಚ್ಚಿಕೊಂಡು ರಾಡು ತಿರುಗತೊಡಗುತ್ತದೆ, ಗುರುತು ಪಕ್ಕಕ್ಕೆ ಸರಿದು ಅಡಿಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಮೇಲೆ ಬಂದೊಡನೆ ಅಂಚಿನಲ್ಲಿ ಎರಡನೆಯ ಗುರುತು ಹಾಕಿ, ಎರಡರ ನಡುವಿನ ಅಂತರ ಅಳೆದರೆ ಅದೇ ಟ್ವಿಸ್ಟ್. ಬಟ್ಟೆ ಸಡಿಲವಿದ್ದರೆ ಜಾರಿ ತಪ್ಪು ಅಳತೆ ಬರುತ್ತದೆ, ಹಾಗಾಗಿ ಎರಡು ಮೂರು ಬಾರಿ ಅಳೆದು ನೋಡುವುದು ಒಳ್ಳೆಯದು. ಚಿಕ್ಕ ನಳಿಗೆಯಲ್ಲಿ ಪೂರ್ತಿ ಸುತ್ತು ಸಿಗದಿದ್ದರೆ ಅರ್ಧ ಸುತ್ತಿನ ಅಂತರವನ್ನು ಇಮ್ಮಡಿ ಮಾಡಿಕೊಂಡರೂ ಸರಿಯೇ.

ಗುಂಡು ಒಪ್ಪುತ್ತಿಲ್ಲವೆಂಬುದನ್ನು ಗುರಿಹಲಗೆಯ ಕಾಗದವೇ ಹೇಳುತ್ತದೆ. ನೆಟ್ಟಗೆ ಬಂದ ಗುಂಡು ಅಂಚಿನಲ್ಲಿ ಮಸಿಯ ಉಂಗುರ ಬಿಟ್ಟು ದುಂಡಗಿನ ತೂತು ಮಾಡುತ್ತದೆ. ಓಲಾಡುತ್ತಾ ಬಂದದ್ದರ ತೂತು ಒಂದು ಕಡೆಗೆ ಎಳೆದಂತೆ ಕಾಣುತ್ತದೆ. ಪೂರ್ತಿ ಮಗುಚಿದ ಗುಂಡು ಅಡ್ಡಡ್ಡವಾಗಿ ಬಂದು, ತನ್ನ ಪಕ್ಕನೋಟವನ್ನೇ ಕತ್ತರಿಸಿಟ್ಟಂತೆ ಕಾಗದವನ್ನು ಸೀಳುತ್ತದೆ. ಅಂಥದ್ದೊಂದು ತೂತು ಕಂಡರೆ ಆ ತೋಟಾವನ್ನು ಅಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಅದರ ಮುಂದಿನ ಗುಂಡು ಹಲಗೆಗೇ ಬಿದ್ದೀತೆಂಬ ಭರವಸೆ ಇಲ್ಲ.

ತೋಟಾದ ಪೆಟ್ಟಿಗೆಗಳ ಮೇಲೆ ತೂಕವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಅದರ ಪಕ್ಕದಲ್ಲೇ ಗುಂಡಿನ ಉದ್ದವನ್ನೂ ಅದಕ್ಕೆ ಬೇಕಾದ ಕನಿಷ್ಠ ಟ್ವಿಸ್ಟನ್ನೂ ಅಚ್ಚು ಹಾಕಿದರೆ ಮುಕ್ಕಾಲು ಪಾಲು ಗೊಂದಲ ಅಂಗಡಿಯಲ್ಲೇ ತೀರುತ್ತದೆ. ತಮ್ಮ ಕ್ರೀಡಾ ಪುಟದಲ್ಲಿ ಇನ್ನು ಮುಂದೆ ರೈಫಲ್ಲುಗಳ ಬಗ್ಗೆ ಬರೆಯುವವರು ಗುಂಡಿನ ತೂಕ ಹೇಳುವಾಗಲೆಲ್ಲ ಅದು ಯಾವ ಟ್ವಿಸ್ಟಿನ ನಳಿಗೆಗೆ ಎಂಬುದನ್ನೂ ಜೊತೆಗೇ ಹೇಳಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಮಡಿಕೇರಿ