ನವರಂಗದೊಳಗೆ ಫ್ಲ್ಯಾಶ್ ಬೇಡ

ಸಂಪಾದಕರಿಗೆ ನಮಸ್ಕಾರ.

ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಹಾಸನ ಜಿಲ್ಲೆಯವನಾಗಿ ನನಗೆ ಅದು ಹೆಮ್ಮೆ. ಆದರೆ ಬೇಲೂರಿನ ಚೆನ್ನಕೇಶವನ ನವರಂಗದಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದಲ್ಲಿ, ಎತ್ತ ತಿರುಗಿದರೂ ಫ್ಲ್ಯಾಶ್ ಕಣ್ಣಿಗೆ ಹೊಡೆಯುತ್ತದೆ. ಸ್ಟುಡಿಯೊ ನಡೆಸುವ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದಾಗ ಈ ನವರಂಗ ತೆರೆದೇ ಇತ್ತು. ಕಲ್ಲಿನ ಜಾಲಂಧ್ರ (ಕಿಂಡಿಗಳಿರುವ ಪರದೆ) ಕೂರಿಸಿದ್ದು ಮೊಮ್ಮಗ ವೀರಬಲ್ಲಾಳ. ಈಗ ಬೆಳಕು ಅದರ ಕಿಂಡಿಗಳಿಂದ, ಬಾಗಿಲಿಂದ ಓರೆಯಾಗಿ ಬೀಳುತ್ತದೆ. ಆ ಓರೆ ಬೆಳಕಿಗೇ ಅಲ್ವಾ ಕೆತ್ತನೆಯ ಆಳ ಕಾಣೋದು? ಮೊಬೈಲಿನ ಫ್ಲ್ಯಾಶ್ ನೇರವಾಗಿ ಬಡಿದು ನೆರಳನ್ನೆಲ್ಲ ಅಳಿಸಿಬಿಡುತ್ತದೆ. ತಿರುಗಿಸಿ ಕಡೆದ ನುಣುಪು ಕಂಬದ ಮೇಲೆ ಬಿದ್ದರಂತೂ ಫೋಟೊದಲ್ಲಿ ಉಳಿಯುವುದು ಒಂದು ಬಿಳಿ ಮಚ್ಚೆ. ದೂರ ಎರಡರಷ್ಟಾದರೆ ಫ್ಲ್ಯಾಶ್ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮೇಲಿನ ಭುವನೇಶ್ವರಿಗೆ, ಅಂದರೆ ಚಾವಣಿಯ ಕೆತ್ತನೆಗೆ, ಅದು ಏನೇನೂ ಸಾಲದು.

ನಾನೂ ಫ್ಲ್ಯಾಶ್ ಬಳಸುವವನೇ. ಮದುವೆ ಮನೆಯಲ್ಲಿ ಆರತಿ ಎತ್ತುವಾಗ ಶಟರ್ ಕಾಲು ಸೆಕೆಂಡ್ ತೆರೆದಿಟ್ಟು ಸಣ್ಣಗೆ ಫ್ಲ್ಯಾಶ್ ಕೊಡುತ್ತೇನೆ. ಅಲುಗಾಡುವ ಮುಖ ಸ್ಪಷ್ಟವಾಗಿ ನಿಲ್ಲುತ್ತದೆ, ದೀಪದ ಹಳದಿಯೂ ಉಳಿಯುತ್ತದೆ. ಕಂಬ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ! ಅದಕ್ಕೆ ಬೇಕಾದದ್ದು ಶಟರನ್ನು ಹೆಚ್ಚು ಹೊತ್ತು ತೆರೆದಿಡುವ ಲಾಂಗ್ ಎಕ್ಸ್‌ಪೋಶರ್ ಮಾತ್ರ.

ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಜನ ಓಡಾಡುವ ಜಾಗ, ಅದು ಸರಿಯೇ. ಇಲ್ಲದೆಯೂ ಆಗುತ್ತದೆ. ಮೊಬೈಲಿನಲ್ಲಿ ನೈಟ್ ಮೋಡ್ ಹಾಕಿ, ಟೈಮರ್ 10 ಸೆಕೆಂಡ್‌ಗೆ ಇಡಿ. ನೆಲದ ಮೇಲೆ ಕರವಸ್ತ್ರ ಹಾಸಿ ಮೊಬೈಲನ್ನು ಬೋರಲು ಮಲಗಿಸಿ ಕೈ ತೆಗೆಯಿರಿ. ಹಿಂದಿನ ಕ್ಯಾಮೆರಾ ನೇರ ಭುವನೇಶ್ವರಿಯನ್ನೇ ನೋಡುತ್ತದೆ. ಪದರ ಪದರವಾಗಿ ಒಳಕ್ಕೆ ಹೋಗುವ ಆ ಕೆತ್ತನೆ, ನಡುವೆ ಇಳಿಬಿದ್ದ ಮೊಗ್ಗು, ಎಲ್ಲ ಅದರದೇ ಬಣ್ಣದಲ್ಲಿ ಬರುತ್ತದೆ. ಕ್ಯಾಮೆರಾ ಇದ್ದವರು ಬೆಳಕಿನ ಸೂಕ್ಷ್ಮತೆ ತಗ್ಗಿಸಿ, ಅಂದರೆ ಕಡಿಮೆ ಐಎಸ್‌ಒದಲ್ಲಿ ನಾಲ್ಕೈದು ಸೆಕೆಂಡ್ ಕೊಟ್ಟರೆ ಇನ್ನೂ ಚೆಂದ. ಎದುರು ಸರಸರ ನಡೆದು ಹೋದವರ ಗುರುತೂ ಜಾಸ್ತಿ ಉಳಿಯುವುದಿಲ್ಲ. ಆದರೆ ಅಷ್ಟರಲ್ಲಿ ಪಕ್ಕದವರ ಒಂದು ಫ್ಲ್ಯಾಶ್ ಬಿದ್ದರೆ ಎಲ್ಲ ಹಾಳು.

ಗರ್ಭಗುಡಿಯ ವಿಷಯ ನಾನು ಎತ್ತುತ್ತಿಲ್ಲ, ಅಲ್ಲಿನ ಕಟ್ಟುಪಾಡು ಬೇರೆ. ಸಂಬಂಧಪಟ್ಟವರು ಚಪ್ಪಲಿ ಬಿಡುವ ಜಾಗದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್‌ನಲ್ಲಿ ‘ಒಳಗೆ ಫ್ಲ್ಯಾಶ್ ಬೇಡ’ ಎಂಬ ಬೋರ್ಡ್ ಹಾಕಿಸಲಿ. ಗೈಡ್‌ಗಳು ಕಥೆ ಶುರು ಮಾಡುವ ಮುಂಚೆ ಒಂದು ಮಾತು ಹೇಳಲಿ, ಮೊಬೈಲ್ ನೆಲಕ್ಕಿಟ್ಟು ತೆಗೆಯುವುದನ್ನೂ ತೋರಿಸಿಕೊಡಲಿ.

— ಸ್ಟುಡಿಯೊ ಫೋಟೊಗ್ರಾಫರ್, ಹಾಸನ