ಹಿಂದಿನ ಸೀಟಿನಲ್ಲಿದ್ದವಳು

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ನಡೆದದ್ದನ್ನೆಲ್ಲ ಮತ್ತೆ ಇಲ್ಲಿ ಇಳಿಸುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಫೋನಿನಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ. ಅಷ್ಟು ಸ್ವಾರ್ಥ ನನಗಿರಲಿ.

ನಿನ್ನ ವಾರ್ಡಿನಲ್ಲಿ ತೀರಿಕೊಂಡ ಅಜ್ಜಿಯ ಬಗ್ಗೆ ನೀನು ಜಾಲತಾಣದಲ್ಲಿ ಹಾಕಿದ ಪೋಸ್ಟಿಗೆ ಆಸ್ಪತ್ರೆಯ ಆಡಳಿತದವರು ವಿವರಣೆ ಕೇಳಿ ನೋಟಿಸ್ ಕೊಟ್ಟಿದ್ದಾರೆ ಎಂದು ನೀನು ಹೇಳಿದಾಗ ನನ್ನ ಬಾಯಿಂದ ಮೊದಲು ಹೊರಟದ್ದು "ಬರೆಯುವಾಗ ಬುದ್ಧಿ ಎಲ್ಲಿತ್ತು?" ಎಂಬ ಮಾತು. "ನೀನು ಹೇಗಿದ್ದೀಯ?" ಎಂದು ಕೇಳಬೇಕಿತ್ತು. ಕ್ಷಮಿಸು. ಪ್ರಶ್ನೆ ತಪ್ಪಾಗಿತ್ತು ಎಂದಲ್ಲ, ಕೇಳಿದ ಗಳಿಗೆ ತಪ್ಪಾಗಿತ್ತು.

ನಿನ್ನ ಪೋಸ್ಟನ್ನು ನಾನು ಎಷ್ಟು ಸಲ ಓದಿದ್ದೇನೆ ಎಂದು ಅಪ್ಪನನ್ನು ಕೇಳು. ಎಷ್ಟು ಚೆನ್ನಾಗಿ ಬರೆಯುತ್ತೀಯ! ವೆಂಟಿಲೇಟರ್ ನಿಲ್ಲಿಸಿದ ಮೇಲೆ ವಾರ್ಡಿನಲ್ಲಿ ಉಳಿಯುವ ಆ ನಿಶ್ಶಬ್ದವನ್ನು ನಾನು 34 ವರ್ಷ ಕೇಳಿದ್ದೇನೆ, ಅದಕ್ಕೊಂದು ಮಾತು ಹುಡುಕಲು ನನ್ನಿಂದ ಆಗಲಿಲ್ಲ. ನಾನು ಬರೆದದ್ದೆಲ್ಲ ಕೇಸ್ ಶೀಟಿನಲ್ಲಿ: ಇಷ್ಟು ಗಂಟೆಗೆ ಇಷ್ಟು ಡೋಸ್, ಇಷ್ಟು ಜ್ವರ. ಒಬ್ಬ ಸಿಸ್ಟರ್‌ನ ಮಗಳು ಡಾಕ್ಟರಾಗಿ, ಅದೂ ಇಷ್ಟು ಮೆತ್ತಗಿನ ಮನಸ್ಸಿನ ಡಾಕ್ಟರಾಗಿ ನಿಂತಿದ್ದಾಳೆ ಎಂದು ಹೆಮ್ಮೆಪಡುತ್ತಾ ಓದುತ್ತಿದ್ದೆ. ಓದುತ್ತಾ ಓದುತ್ತಾ ಹೊಟ್ಟೆಯಲ್ಲಿ ತಣ್ಣಗಾಯಿತು.

ಹೆಸರು ಹಾಕಿಲ್ಲವಲ್ಲ ಎನ್ನುತ್ತೀಯ. ಹಾಕಿಲ್ಲ, ನಿಜ. ಆದರೆ ವಯಸ್ಸಿದೆ, ದಾಖಲಾಗಿ ಎಷ್ಟನೆಯ ದಿನ ಎಂಬುದಿದೆ, ಜೀವ ಹೋದ ಗಂಟೆಯಿದೆ, ಆಕೆ ಕೊನೆಯಲ್ಲಿ ಕೇಳಿದ್ದು ಏನೆಂಬುದೂ ಇದೆ. ಊರಿಗೆಲ್ಲ ಆಕೆ ಯಾರೋ ಒಬ್ಬ ಅಜ್ಜಿ. ಆ ಮನೆಯ ನಾಲ್ಕು ಜನರಿಗೆ ಹೆಸರು ಬೇಕೇ? ತಾಯಿ ಕೊನೆಗಳಿಗೆಯಲ್ಲಿ ತನ್ನನ್ನೇ ಕೇಳಿದ್ದಳು ಎಂಬುದು ಆಕೆಯ ಮಗನಿಗೆ ತಿಳಿದದ್ದು ಯಾರೋ ಕಳಿಸಿದ ಸ್ಕ್ರೀನ್‌ಶಾಟ್‌ನಿಂದ. ನೀನು ಎದುರು ನಿಂತು ಹೇಳಿದ್ದರೆ ಅದು ಅವನಿಗೆ ತಾಯಿ ಬಿಟ್ಟುಹೋದ ಆಸ್ತಿಯಾಗುತ್ತಿತ್ತು. ಅಷ್ಟೊಂದು ಜನ ಕೈಮುಗಿದು ಹೋದ ಮೇಲೆ ಅವನ ಕೈಗೆ ಸಿಕ್ಕಿತು.

ಮತ್ತೆ ಬಯ್ಯುತ್ತಿದ್ದೇನೆ. ಇದನ್ನು ಬಯ್ಯಲು ನನಗೆ ಅರ್ಹತೆ ಇಲ್ಲ. ಯಾಕೆಂದು ನಿನಗೆ ಎಂದೂ ಹೇಳಿಲ್ಲ, ಅಪ್ಪನಿಗೂ ಹೇಳಿಲ್ಲ.

ನೀನು ಆಗ ಎರಡನೆಯ ತರಗತಿಯಲ್ಲಿದ್ದೆ. ನೈಟ್ ಡ್ಯೂಟಿ ಮುಗಿಸಿ ನಾನೂ ಇನ್ನೊಬ್ಬ ಸಿಸ್ಟರೂ ಬೆಳಗಿನ ಬಸ್ಸು ಹತ್ತಿದೆವು. ಹಿಂದಿನ ರಾತ್ರಿ ಒಬ್ಬ ಹುಡುಗ ಹೋಗಿದ್ದ. ಎದೆ ಒತ್ತಿ ಒತ್ತಿ ನನ್ನ ಮಣಿಕಟ್ಟು ಇನ್ನೂ ನೋಯುತ್ತಿತ್ತು. ಯಾರಿಗಾದರೂ ಹೇಳದಿದ್ದರೆ ತಲೆ ಸಿಡಿಯುತ್ತದೆ ಎನ್ನಿಸಿ ಹೇಳತೊಡಗಿದೆ. ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಬಸ್ಸಿನ ಸದ್ದಿನಲ್ಲಿ ದನಿ ಏರಿದ್ದು ನನಗೆ ತಿಳಿಯಲಿಲ್ಲ. ಎಷ್ಟು ಹೊತ್ತು ಹೋರಾಡಿದೆವು, ಡ್ಯೂಟಿ ಡಾಕ್ಟರ್ ಏನೆಂದರು, ಎಲ್ಲ ಹೇಳಿದೆ. ಕೊನೆಗೆ ಹೇಳಿದೆ: "ಮನೆಯವರು ಸ್ವಲ್ಪ ಬೇಗ ಕರೆತಂದಿದ್ದರೆ ಉಳಿಯುತ್ತಿದ್ದ."

ಹಿಂದಿನಿಂದ ಯಾರೋ ನನ್ನ ಹೆಗಲು ಮುಟ್ಟಿದರು. ತಿರುಗಿದೆ. ಆ ಹುಡುಗನ ಅಕ್ಕ. ತೊಡೆಯ ಮೇಲೆ ಆಸ್ಪತ್ರೆಯಿಂದ ವಾಪಸ್ ಕೊಟ್ಟ ಚೀಲ, ಅದರ ಬಾಯಿಯಿಂದ ಅವನ ಚಪ್ಪಲಿ ಕಾಣುತ್ತಿತ್ತು. ಅವಳು ಕೂಗಾಡಲಿಲ್ಲ. "ಸಿಸ್ಟರ್, ಎಷ್ಟು ಬೇಗ?" ಎಂದು ಕೇಳಿದಳು.

ಅಷ್ಟೇ. ಎಷ್ಟು ಬೇಗ. ವಿಳಾಸ ಕೇಳುವವರಂತೆ, ಮೆಲ್ಲಗೆ. ಒಂದು ಗಂಟೆಯೇ, ಒಂದು ದಿನವೇ, ಅಂದು ಸಂಜೆ ಅವನು ಬೇಡವೆಂದಾಗ ಇವರು ಸುಮ್ಮನಾದರಲ್ಲ, ಆಗಲೇ ಹೊರಟಿದ್ದರೆ ಸಾಕಿತ್ತೇ? ಅದೆಲ್ಲ ಆ ಎರಡು ಪದಗಳಲ್ಲಿತ್ತು. ನಾನು ಉತ್ತರ ಕೊಡಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ನನ್ನ ಸ್ಟಾಪ್ ಅಲ್ಲ ಅದು.

ನಾನು ಹೇಳಿದ್ದು ಸರಿಯೂ ಆಗಿರಲಿಲ್ಲ ಪುಟ್ಟಿ. ಅವನಿಗಿದ್ದದ್ದು ಕೆಲವು ಗಂಟೆಗಳ ಅಂತರದಲ್ಲಿ ಬದಲಾಗುವ ಕಾಯಿಲೆಯಲ್ಲ. ಅವನಿಗೆ ಇದ್ದದ್ದು... ನೋಡು, ಇಲ್ಲಿಯೂ ಬರೆಯಲು ಹೊರಟೆ. ಎರಡು ಸಾಲು ಬರೆದು ಹೊಡೆದು ಹಾಕಿದ್ದೇನೆ, ಕಪ್ಪಾಗಿ ಕಾಣುತ್ತಿದೆಯಲ್ಲ ಅದೇ. ಚಿಕ್ಕವರು ಸತ್ತಾಗ ನಮಗೆ ಯಾರಾದರೊಬ್ಬರ ತಪ್ಪು ಬೇಕಾಗುತ್ತದೆ. ನಮ್ಮದಾದರೆ ನಾಳೆ ಡ್ಯೂಟಿಗೆ ಹೋಗಲು ಕಾಲು ಏಳುವುದಿಲ್ಲ, ಅದಕ್ಕೆ ಮನೆಯವರದು ಎನ್ನುತ್ತೇವೆ. ನನ್ನ ಸಂಕಟ ಇಳಿಸಿಕೊಳ್ಳಲು ನಾನು ಎಸೆದ ಮಾತು, ಅದನ್ನು ಅವಳು ಎತ್ತಿಕೊಂಡು ಮನೆಗೆ ಹೋದಳು. ಬಸ್ಸಿನಲ್ಲಿ ನಲವತ್ತು ಜನರಿದ್ದರು. ನಿನ್ನ ಬಸ್ಸಿನಲ್ಲಿ ಎಷ್ಟು ಜನ, ಹಿಂದಿನ ಸೀಟಿನಲ್ಲಿ ಯಾರು, ಲೆಕ್ಕವಿದೆಯೇ?

ಇನ್ನೂ ಕೆಟ್ಟದ್ದನ್ನು ಹೇಳುತ್ತೇನೆ. ಎರಡು ವಾರ ನಿದ್ದೆ ಬಾರದೆ, ಕ್ಷಮೆ ಕೇಳೋಣವೆಂದು ಕೇಸ್ ಶೀಟಿನಿಂದ ಅವರ ವಿಳಾಸ ತೆಗೆದೆ. ಅದೂ ತಪ್ಪೇ, ಚಿಕಿತ್ಸೆಗೆಂದು ಕೊಟ್ಟ ವಿಳಾಸ ಅದು. ಗೇಟಿನವರೆಗೆ ಹೋದೆ. ಒಳಗೆ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ಕೇಳಿಸಿತು. ನನ್ನನ್ನು ಕಂಡರೆ ಅವಳು ಮತ್ತೆ ಅದೇ ಪ್ರಶ್ನೆ ಕೇಳುತ್ತಾಳೆ ಎನ್ನಿಸಿ ಹಾಗೆಯೇ ಹಿಂದಿರುಗಿದೆ. ಅದಕ್ಕೇ ಹೇಳುವುದು, ಆ ಮಗನಿಗೆ ನೀನಾಗಿ ಮೆಸೇಜ್ ಮಾಡಬೇಡ, ನಂಬರ್ ಹುಡುಕಬೇಡ. ಹಿರಿಯ ಡಾಕ್ಟರ ಮೂಲಕ ಕೇಳಿಸು. ಅವನು ಬಾ ಎಂದರೆ ಹೋಗು, ಬೇಡವೆಂದರೆ ಅದು ಅವನ ಹಕ್ಕು.

ಅಂದಿನಿಂದ ನನ್ನ ಬಾಯಿಗೆ ಬೀಗ ಬಿತ್ತು. "ನೀನು ಒಬ್ಬರಿಗಾಗಿಯೂ ಅತ್ತದ್ದನ್ನು ನಾನು ಕಂಡಿಲ್ಲ" ಎಂದೆಯಲ್ಲ, ಸರಿಯಾಗಿಯೇ ಕಂಡಿದ್ದೀಯ. ವಾರ್ಡಿನಲ್ಲಿ ಯಾರಾದರೂ ಹೋದ ದಿನ ನಾನು ಇಸ್ತ್ರಿಯಾದ ಯೂನಿಫಾರ್ಮನ್ನೇ ಮತ್ತೆ ಇಸ್ತ್ರಿ ಮಾಡುತ್ತಿದ್ದೆ. ಅಮ್ಮನಿಗೆ ಶಿಸ್ತು ಹೆಚ್ಚು ಎಂದು ನೀನು ಗೆಳತಿಯರ ಮುಂದೆ ನಗುತ್ತಿದ್ದೆ. ಮನೆಯಲ್ಲಿ ಸಾವಿನ ಮಾತು ಆಡಬಾರದು ಎಂದು ನಿನಗೆ ಕಲಿಸಿದವಳು ನಾನು. ಆಡಲು ಜಾಗವಿಲ್ಲದ ಮಾತು ಸಿಕ್ಕ ಕಡೆ ಹರಿಯಿತು. ಇದರಲ್ಲಿ ನನ್ನ ಪಾಲೂ ಇದೆ.

ನಾವು ನರ್ಸುಗಳು ದೀಪ ಹಿಡಿದು ಮಾಡಿದ ಪ್ರತಿಜ್ಞೆ ನಿನಗೆ ಬಾಯಿಪಾಠ. ಚಿಕ್ಕವಳಿದ್ದಾಗ ಮೇಣದಬತ್ತಿ ಹಿಡಿದು ಒಪ್ಪಿಸುತ್ತಿದ್ದೆ. ನೈಟಿಂಗೇಲ್ ಹೆಸರಿದ್ದರೂ ಅದನ್ನು ಆಕೆ ಬರೆದದ್ದಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಒಂದು ನರ್ಸಿಂಗ್ ಶಾಲೆಯಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಜೊತೆಯವರು ಬರೆದದ್ದು. ರೋಗಿಯ ಸ್ವಂತ ವಿಷಯವಷ್ಟೇ ಅಲ್ಲ, ಕೆಲಸದಲ್ಲಿ ತಿಳಿದುಬಂದ ಅವರ ಮನೆಯ ವಿಷಯವನ್ನೂ ಗುಟ್ಟಾಗಿಡಬೇಕು ಎಂದು ಅದರಲ್ಲಿದೆ. ತಾಯಿ ಮಗನನ್ನು ಕೇಳಿದ್ದು ಮನೆಯ ವಿಷಯ. ನಿಮ್ಮ ಡಾಕ್ಟರುಗಳ ಪ್ರತಿಜ್ಞೆ, ಆ ಜಿನೀವಾ ಘೋಷಣೆ, 1948ರದ್ದು. ರೋಗಿ ತೀರಿಕೊಂಡ ಮೇಲೂ ಗುಟ್ಟು ಗುಟ್ಟೇ ಎಂಬ ಮಾತನ್ನು ಅದಕ್ಕೆ 1968ರಲ್ಲಿ ಸೇರಿಸಿದರು. ಸತ್ತವರು ಬಂದು ಆಕ್ಷೇಪಿಸುವುದಿಲ್ಲ, ಅದಕ್ಕೇ ಸೇರಿಸಿರಬೇಕು ಎಂಬುದು ನನ್ನ ಊಹೆ. ವೈದ್ಯರು ತಮ್ಮ ಆರೋಗ್ಯವನ್ನೂ ನೋಡಿಕೊಳ್ಳಬೇಕು ಎಂಬ ಸಾಲು ಬರಲು 2017ರವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ಸಿಟ್ಟು ಬರುತ್ತದೆ. ಆ ಸಾಲೂ ನೀನು ಪಾಲಿಸಬೇಕಾದದ್ದೇ, ನೆನಪಿರಲಿ.

ಜಗಳದಲ್ಲಿ ನೀನು ಆ ಫೋಟೋದ ಮಾತೆತ್ತಿದೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ತುರ್ತು ಚಿಕಿತ್ಸಾ ವೈದ್ಯ, 19ರ ಹರೆಯದ ರೋಗಿಯನ್ನು ಕಳೆದುಕೊಂಡು ಹೊರಗೆ ಗೋಡೆ ಹಿಡಿದು ಕುಕ್ಕರಿಸಿದ ಚಿತ್ರ. ಅವನ ಒಪ್ಪಿಗೆ ಪಡೆದೇ ಸಹೋದ್ಯೋಗಿ ಹಾಕಿದ್ದು. ನಾನೂ ಅದನ್ನು ನೋಡಿ ಅತ್ತೆ. ಆದರೆ ಚೆನ್ನಾಗಿ ನೋಡು, ಅಲ್ಲಿರುವುದು ವೈದ್ಯನ ಬಾಗಿದ ಬೆನ್ನು. ರೋಗಿ ಏನು ಕೇಳಿದ, ಹೇಗೆ ಹೋದ ಎಂಬುದಿಲ್ಲ. ವಯಸ್ಸನ್ನೂ ಬಿಟ್ಟಿದ್ದರೆ ನನಗೆ ಇನ್ನೂ ಸಮಾಧಾನವಾಗುತ್ತಿತ್ತು. ನಿನ್ನ ಬೆನ್ನಿನ ಬಗ್ಗೆ ಬರೆಯಬಹುದಿತ್ತು ಪುಟ್ಟಿ. ಕೈ ತೊಳೆದು ಮುಂದಿನ ಹಾಸಿಗೆಗೆ ಹೋದದ್ದನ್ನು ಬರೆಯಬಹುದಿತ್ತು, ಅದೂ ಒಂದು ತಿಂಗಳು ಕಳೆದು, ಯಾವ ರಾತ್ರಿ ಎಂದು ಯಾರಿಗೂ ಗೊತ್ತಾಗದಂತೆ.

ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಒಂದು ಪದ್ಧತಿ ತಂದ. ರೋಗಿ ತೀರಿಕೊಂಡ ಕೂಡಲೇ, ಸುತ್ತ ನಿಂತವರೆಲ್ಲ ಒಂದು ನಿಮಿಷದ ಮಟ್ಟಿಗೆ ಸುಮ್ಮನೆ ನಿಲ್ಲುವುದು. ನಮ್ಮ ಕಾಲದಲ್ಲಿ ಆ ಒಂದು ನಿಮಿಷ ಕೇಳಿದ್ದರೆ ಇನ್‌ಚಾರ್ಜ್ ಸಿಸ್ಟರ್ ಹಾಸಿಗೆ ಯಾವಾಗ ಖಾಲಿ ಮಾಡುತ್ತೀಯ ಎನ್ನುತ್ತಿದ್ದರು. ನಿನ್ನ ಮೇಲಿನವರನ್ನು ಕೇಳಿ ನೋಡು. ನೋಟಿಸಿಗೆ ಉತ್ತರ ಕೊಡುವಾಗಲೇ ಕೇಳು: ತಪ್ಪು ಒಪ್ಪಿಕೊಳ್ಳುತ್ತೇನೆ, ಆ ರಾತ್ರಿ ನನ್ನನ್ನು ಯಾರಾದರೂ ಕೇಳಿದ್ದಿರಾ ಎಂದು. ಬೇಡ, ಈ ಕೊನೆಯದನ್ನು ಬರೆಯಬೇಡ, ಕೆಲಸಕ್ಕೆ ಕುತ್ತು ಬಂದೀತು. ಬರೆ ಬೇಕಾದರೆ. ನಿನಗೆ ಬಿಟ್ಟಿದ್ದು.

ನಿದ್ದೆ ಮಾಡುತ್ತಿದ್ದೀಯಾ? ಮೊನ್ನೆ ನಿನ್ನ ದನಿ ಒಡೆದಿತ್ತು. ಡ್ಯೂಟಿ ಯಾವ ಹೊತ್ತಿಗೆ ಮುಗಿದರೂ ಫೋನ್ ಮಾಡು, ನಿದ್ದೆಯಲ್ಲಿದ್ದರೂ ಏಳುತ್ತೇನೆ. ಯಾರು, ಏನು, ಎಷ್ಟು ವಯಸ್ಸು ಎಂದು ಕೇಳುವುದಿಲ್ಲ. "ಇವತ್ತು ಒಬ್ಬರು ಹೋದರು ಅಮ್ಮಾ" ಎನ್ನು, ಆಮೇಲೆ ಎಷ್ಟು ಹೊತ್ತು ಬೇಕಾದರೂ ಅಳು. ನನಗೂ ಅಳು ಬಂದರೆ ಫೋನ್ ಇಡಬೇಡ. ಅಭ್ಯಾಸವಿಲ್ಲ ನನಗೆ, ಕೇಳಲು ವಿಚಿತ್ರವಾಗಿರಬಹುದು.

ಹೊಡೆದು ಹಾಕಿದ ಆ ಎರಡು ಸಾಲನ್ನು ಬೆಳಕಿಗೆ ಹಿಡಿದು ಓದಲು ಹೋಗಬೇಡ. ನಿನ್ನ ಬುದ್ಧಿ ನನಗೆ ಗೊತ್ತು.

ಅಮ್ಮ