ಹೊಸದನ್ನು ಹಳೇದು ಮಾಡುವ ಕಸುಬು

ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ನಮ್ಮ ಚಿತ್ರದುರ್ಗದ ಪಾಳೇಗಾರ ಮದಕರಿ ನಾಯಕ, ಹೈದರಾಲಿಯ ಮುತ್ತಿಗೆ, 1779ರಲ್ಲಿ ದುರ್ಗ ಬಿದ್ದದ್ದು. ನೀನು ಮಾಡಬೇಕೆಂದಿರುವ ಸಿನಿಮಾದ ಕಥೆ ಚೆನ್ನಾಗಿದೆ. ಆದರೆ "ಕೋಟೆ ಹೇಗೂ ಇದೆ, ಸೆಟ್ ಖರ್ಚಿಲ್ಲ, ಒಬ್ಬ ಒಳ್ಳೇ ಹೀರೋ ಸಿಕ್ಕಿದ್ರೆ ಆಯ್ತು" ಅಂತ ಬರೆದಿದ್ದೀಯಲ್ಲ, ಅದಕ್ಕೆ ಮಾತ್ರ ಉತ್ತರ ಕೊಡಲೇಬೇಕು ಅನ್ನಿಸಿತು. ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಪತ್ರ. ನಮ್ಮ ಕಡೆ ಸಿನಿಮಾ ಹುಚ್ಚಿರೋ ಹುಡುಗರು ಇನ್ನೂ ಇದ್ದಾರೆ, ಅವರೂ ಓದಲಿ.

ಕೋಟೆ ಇದೆ, ನಿಜ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಶೂಟಿಂಗಿಗೆ ಲೈಸೆನ್ಸ್ ಬೇಕು. ಗೋಡೆಗೆ ಮೊಳೆ ಹೊಡೆಯೋದು, ಬಾಗಿಲ ಹತ್ತಿರ ಮದ್ದು ಸಿಡಿಸೋದು ಎಲ್ಲಾ ಮರೆತುಬಿಡು. 1972ರಲ್ಲಿ ಪುಟ್ಟಣ್ಣ ಕಣಗಾಲ್ 'ನಾಗರಹಾವು' ಮಾಡಿದಾಗ ಊರೂ ಬೇರೆ ಥರ ಇತ್ತು, ಕ್ಯಾಮೆರಾ ಮುಂದೆ ಏನು ಬರುತ್ತೆ ಅನ್ನೋ ತಲೆನೋವೂ ಕಡಿಮೆ ಇತ್ತು. ಈಗ ಮೇಲೆ ಹತ್ತಿ ಯಾವ ದಿಕ್ಕಿಗೆ ನೋಡು, ಗುಡ್ಡದ ಮೇಲೆ ವಿಂಡ್‌ಮಿಲ್‌ಗಳು ತಿರುಗುತ್ತಿರುತ್ತವೆ. ನಾಯಕ ಬತೇರಿ ಮೇಲೆ ನಿಂತು ಶತ್ರುಸೈನ್ಯ ನೋಡುವ ಸೀನ್ ಬರೆದಿದ್ದೀಯ, ಬೆನ್ನ ಹಿಂದೆ ಫ್ಯಾನು ತಿರುಗಿದರೆ ಜನ ಸೀಟಿ ಹೊಡೆಯುತ್ತಾರೆ. ಅಳಿಸಬಹುದು. ಅಳಿಸೋರು ಬೇರೆ ಊರಿನ ಯಾವುದೋ ಎಸಿ ರೂಮಿನಲ್ಲಿ ಕೂತ ಹುಡುಗ ಹುಡುಗಿಯರು. ಸೆಕೆಂಡಿಗೆ 24 ಫ್ರೇಮ್. ಹತ್ತು ಸೆಕೆಂಡಿನ ಶಾಟ್ ಅಂದರೆ 240. ನಾಯಕನ ಕೂದಲು ಗಾಳಿಗೆ ಹಾರುತ್ತಾ ಆ ರೆಕ್ಕೆಗೆ ಅಡ್ಡ ಬಂದಲ್ಲೆಲ್ಲಾ ಎಳೆ ಎಳೆ ಬಿಡಿಸಬೇಕು. ಇಷ್ಟೆಲ್ಲಾ ಮಾಡಿದ ಮೇಲೆ ಅವರ ಕೆಲಸ ಯಾರಿಗೂ ಕಾಣಬಾರದು!

ಗಿಡಮರ ಇನ್ನೊಂದು ರಗಳೆ. ಬಳ್ಳಾರಿ ಜಾಲಿ ನಮ್ಮ ದೇಶಕ್ಕೆ ಬಂದಿದ್ದೇ 19ನೇ ಶತಮಾನದಲ್ಲಿ. ನೀಲಗಿರಿ ತೋಪೂ ಮದಕರಿ ಕಾಲದ್ದಲ್ಲ. ದುರ್ಗದ ಸುತ್ತ ಇವೆರಡೂ ಇಲ್ಲದ ಒಂದು ಬಯಲು ಹುಡುಕಿಕೊಡು ನೋಡೋಣ. ಲೊಕೇಶನ್ ಮ್ಯಾನೇಜರ್‌ಗಳು ಬೈಕ್ ಹತ್ತಿ ವಾರಗಟ್ಟಲೆ ತಿರುಗೋದು ಸುಮ್ನೆ ಅಲ್ಲ.

ಆಮೇಲೆ ಓಬವ್ವನ ಕಿಂಡಿ. ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟು ಜಾಗ ಅದು. ಕ್ಯಾಮೆರಾ ಎಲ್ಲಿಡುತ್ತೀಯ? ಲೈಟ್ ಎಲ್ಲಿ? ಹಾಗಾಗಿ ಆ ಬಂಡೆಯನ್ನೇ ಬೇರೆ ಕಡೆ ಕಟ್ಟಬೇಕು, ಒಂದು ಪಕ್ಕ ಬಿಚ್ಚಿ ಸರಿಸೋ ಹಾಗೆ. ಬಡಗಿ ಚೌಕಟ್ಟು ಹೂಡುತ್ತಾನೆ, ಮೌಲ್ಡಿಂಗ್‌ನವರು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಎರೆಯುತ್ತಾರೆ, ಪೇಂಟರ್ ಅದನ್ನ ಕಲ್ಲು ಮಾಡುತ್ತಾನೆ. ನನಗೆ ಗೊತ್ತಿರುವ ಒಬ್ಬ ಪೇಂಟರ್ ಮೊದಲು ಅಂಗಡಿ ಬೋರ್ಡ್ ಬರೆಯುತ್ತಿದ್ದ. ಫ್ಲೆಕ್ಸ್ ಬಂದು ಆ ಹೊಟ್ಟೆಪಾಡು ಹೋಯಿತು. ಈಗ ಸೆಟ್ಟುಗಳಲ್ಲಿ ಬಂಡೆ ಬರೆಯುತ್ತಾನೆ. ಮೊದಲು ಬೂದು, ಆಮೇಲೆ ಸ್ಪಂಜಿನಲ್ಲಿ ಕಪ್ಪು ಚುಕ್ಕಿ. ಮಳೆನೀರು ಇಳಿದ ಕಪ್ಪು ಪಟ್ಟೆ ಎಲ್ಲಿ ಬರಬೇಕು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವನು ದುರ್ಗದವನು, ಆ ಪಟ್ಟೆ ನೋಡಿಕೊಂಡೇ ಬೆಳೆದವನು.

ಈಗ ನನ್ನ ಡಿಪಾರ್ಟ್‌ಮೆಂಟಿಗೆ, ಅಂದರೆ ಉಡುಪಿಗೆ, ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿನೇ ಬರೆಯುತ್ತೇನೆ, ಸಹಿಸಿಕೋ.

"ಡ್ರೆಸ್ಸು ಬಾಡಿಗೆಗೆ ತಂದರಾಯ್ತು" ಅಂದಿದ್ದೀಯ. ನಿಮ್ಮ ದಾವಣಗೆರೆ ನಾಟಕದ ಊರು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ಊರು. ಅದಕ್ಕೇ ನಿನಗೆ ಹಾಗನ್ನಿಸಿರಬೇಕು. ಕಂಪನಿ ನಾಟಕದ ಡ್ರೆಸ್ಸು ಕೊನೇ ಬೆಂಚಿನವನಿಗೂ ಜಿಗಿಜಿಗಿ ಅನ್ನಬೇಕು, ಅದಕ್ಕೆ ಆ ಚಮಕಿ, ಆ ಜರಿ. ಸಿನಿಮಾ ಕ್ಯಾಮೆರಾ ಎದೆಯ ಹತ್ತಿರ ಬಂದು ಹೊಲಿಗೆ ನೋಡುತ್ತದೆ. ಮಿಷನ್ ಹೊಲಿಗೆ ಕಂಡರೆ ಕಥೆ ಕೆಟ್ಟಿತು, ಯಾಕೆಂದರೆ ಆ ಕಾಲಕ್ಕೆ ಹೊಲಿಗೆ ಮಿಷನ್ನೇ ಇಲ್ಲ. ನಾವು ಒಳಗಿನದೆಲ್ಲಾ ಮಿಷನ್ನಿನಲ್ಲಿ ಓಡಿಸಿ, ಕಾಣುವ ಅಂಚನ್ನು ಕೈಯಲ್ಲಿ ಹಾಕುತ್ತೇವೆ. ಗುಂಡಿ ಬದಲು ಕಸೆ. ಬಣ್ಣವೂ ಅಷ್ಟೇ. ಕೆಮಿಕಲ್ ಬಣ್ಣ ಹುಟ್ಟಿದ್ದು 1856ರಲ್ಲಿ, ಲಂಡನ್ನಿನಲ್ಲಿ. ಅದಕ್ಕಿಂತ ಮುಂಚೆ ಕಣ್ಣು ಕುಕ್ಕುವ ಆ ಫ್ಲೋರೊಸೆಂಟ್ ಗುಲಾಬಿ ಯಾವ ರಾಣಿಯ ಮೈಮೇಲೂ ಇರಲಿಲ್ಲ. ನೀಲಿ ಗಿಡದ ನೀಲಿ, ಅರಗಿನ ಕೆಂಪು, ಅರಿಶಿನ, ದಾಳಿಂಬೆ ಸಿಪ್ಪೆಯ ಹಳದಿ, ಈ ಥರದ ಬಣ್ಣದಲ್ಲೇ ಆಡಬೇಕು. ಪ್ರೊಡ್ಯೂಸರ್‌ಗಳಿಗೆ ಇದು ಹಿಡಿಸಲ್ಲ. "ಏನ್ರೀ, ರಾಜರೆಲ್ಲಾ ಬಡವರ ಥರ ಕಾಣ್ತಾರೆ" ಅಂತಾರೆ.

ಎಲ್ಲಾ ಹೊಲಿದಾದ ಮೇಲೆ ನಿಜವಾದ ಕೆಲಸ ಶುರು. ಹಾಳು ಮಾಡೋದು. ಹೊಸ ಬಟ್ಟೆಯನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸುತ್ತೇವೆ. ಮೊಣಕೈ, ಮಂಡಿ, ಕೊರಳಪಟ್ಟಿ ಮೇಲೆ ಮರಳು ಕಾಗದ ಉಜ್ಜುತ್ತೇವೆ. ಎಲ್ಲೆಲ್ಲೋ ಉಜ್ಜಿದರೆ ಆಗಲ್ಲ. ಕತ್ತಿ ಸೊಂಟದ ಎಡಕ್ಕೆ ನೇತಾಡಿದರೆ ಎಡ ತೊಡೆ ಹತ್ತಿರ ಸವೆಯಬೇಕು. ಕುದುರೆ ಸವಾರನಿಗೆ ತೊಡೆಯ ಒಳಮಗ್ಗುಲು. ಕಾಲಾಳಿಗೆ ಅಲ್ಲಿ ಸವೆಯಲ್ಲ, ಕೆಳಗಿನ ಅಂಚು ಹರಿಯುತ್ತೆ. ಚಳ್ಳಕೆರೆ ಕಡೆಯ ಕಂಬಳಿ ತಂದರೆ ಹುಣಸೆ ಬೀಜದ ಗಂಜಿ ಹಾಕಿ ಸೆಟೆದುಕೊಂಡಿರುತ್ತೆ, ಹೊಸದು ಹಲಗೆ ಇದ್ದ ಹಾಗೆ. ಒಗೆದು, ತುಳಿದು, ಬಿಸಿಲಿಗೆ ಹಾಕಿ ಮೆತ್ತಗೆ ಮಾಡಿದ ಮೇಲೇ ಅದು ಕಾವಲಿನವನ ಹೆಗಲ ಮೇಲೆ ಸರಿಯಾಗಿ ಬೀಳೋದು. ಈ ಸವೆತದ ಲೆಕ್ಕ ನನಗೆ ಕಲಿಸಿದ ಮೇಸ್ತ್ರಿ ಒಂದು ಚರಿತ್ರೆ ಪುಸ್ತಕವನ್ನೂ ಓದಿದವರಲ್ಲ. ಮೈ ಹೇಗೆ ದುಡಿಯುತ್ತೆ ಅಂತ ಅವರಿಗೆ ಗೊತ್ತಿತ್ತು, ಅಷ್ಟೆ. ನಿನ್ನ ಸುಮಾರು ಇನ್ನೂರೈವತ್ತು ವರ್ಷದ ಹಿಂದಿನ ದುರ್ಗವನ್ನು ಜನ ನಂಬಿದರೆ ಅದು ಇಂಥವರ ಕೈಯಿಂದ. ಡೈಲಾಗಿನಿಂದ ಅಂತ ನನಗಂತೂ ಅನ್ನಿಸಲ್ಲ.

ಮತ್ತೆ ರಕ್ತ. ಸಕ್ಕರೆ ಪಾಕದಂಥ ಅಂಟು ದ್ರವಕ್ಕೆ ಬಣ್ಣ ಹಾಕಿದ್ದು. ಬಂಡೆ ಮೇಲೆ ಹೆಣ ಆಗಿ ಬಿದ್ದಿರುವ ಜೂನಿಯರ್ ಆರ್ಟಿಸ್ಟ್‌ಗೆ ಇರುವೆ ಹತ್ತುತ್ತೆ, ಅವನು ಅಲ್ಲಾಡೋ ಹಾಗಿಲ್ಲ. ಸುತ್ತಲ ಹಳ್ಳಿಗಳಿಂದ ಬೆಳಗಿನ ಜಾವ ಲಾರಿಯಲ್ಲಿ ಬಂದು, ಅಂಟು ಹಾಕಿ ಮೀಸೆ ಹಚ್ಚಿಸಿಕೊಂಡು, ಬೆವರಿಗೆ ಅದು ಬಿಡುತ್ತಾ ಬಿಡುತ್ತಾ ಸಂಜೆವರೆಗೆ ಸಾಯೋದು ಅವರ ಡ್ಯೂಟಿ. ನಾನು ಕೆಲಸ ಮಾಡಿದ ಒಂದು ಚಿತ್ರದಲ್ಲಿ ಆ ದಿನಗೂಲಿ ಕೈಗೆ ಬರೋಕೆ ತಿಂಗಳುಗಳೇ ಹಿಡಿದವು. ಹೀರೋ ಕ್ಯಾರವಾನ್ ಬಾಡಿಗೆ ಮಾತ್ರ ಆಯಾ ದಿನವೇ ಸಂದಾಯ. ನೀನು ದುಡ್ಡು ಹೊಂದಿಸುವಾಗ ಈ ಕಾಲಂ ಮೊದಲು ಬರಿ.

ಕುದುರೆ ಬೇಕೆಂದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, 2001ರ ನಿಯಮ. ಕತ್ತಿಗಳು ಅಲ್ಯೂಮಿನಿಯಂ ಅಥವಾ ಫೈಬರ್. ಬಡಿದರೆ ತಗಡಿನ ಸದ್ದು. ಆ 'ಠಣ್' ಆಮೇಲೆ ಬರುತ್ತೆ, ಕತ್ತಲೆ ಸ್ಟುಡಿಯೋದಲ್ಲಿ. ಫೋಲಿ, ಅಂದರೆ ಚಿತ್ರ ನೋಡಿಕೊಂಡು ಅದಕ್ಕೆ ಸದ್ದು ಕೂಡಿಸುವ ಕೆಲಸ, ಮಾಡುವವರನ್ನು ಒಮ್ಮೆ ನೋಡಬೇಕು ನೀನು. ಪರದೆ ಮೇಲೆ ಕುದುರೆ ಓಡುತ್ತಿರುತ್ತೆ, ಕೆಳಗೆ ಒಬ್ಬರು ಕೂತು ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಮೇಲೆ ತಾಳ ಹಾಕುತ್ತಿರುತ್ತಾರೆ. ಕುದುರೆ ಬಂಡೆ ಹತ್ತಿದ ತಕ್ಷಣ ಅವರ ಕೈ ಮಣ್ಣಿನಿಂದ ಕಲ್ಲಿಗೆ ಜಿಗಿಯುತ್ತೆ. ಒನಕೆ ಏಟಿಗೆ ಕಲ್ಲಂಗಡಿ ಒಡೆಯುತ್ತಾರೆ, ಆಮೇಲೆ ಅದನ್ನೇ ತಿನ್ನುತ್ತಾರೆ.

ಇಷ್ಟು ಬರೆದದ್ದು ನಿನ್ನ ಉತ್ಸಾಹಕ್ಕೆ ನೀರು ಹಾಕೋಕೆ ಅಲ್ಲ. ಸ್ಕ್ರಿಪ್ಟ್ ತಿದ್ದುವಾಗ ಮೂರು ಕಡೆ ಕೈ ಹಾಕು. ಒಂದು, ಆ ಮಳೆಯಲ್ಲಿ ಕತ್ತಿವರಸೆ ತೆಗಿ. ಮಳೆ ಸುರಿಸೋ ನೀರಿನ ಟ್ಯಾಂಕರ್ ಕಥೆ ಬಿಡು, ನಾಯಕನ ಒಂದೇ ಉಡುಪನ್ನು ಅವನಿಗೆ, ಡ್ಯೂಪ್‌ಗೆ, ಒಣಗಿದ್ದು, ನೆಂದದ್ದು, ರಕ್ತ ಆದದ್ದು ಅಂತ ಅಷ್ಟೂ ಸೆಟ್ ಮಾಡಿ, ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಹರುಕು ತೋರಿಸಬೇಕು. ಎರಡು, ಕಾವಲಿನವರು "ಮಹಾಪ್ರಭು, ಶತ್ರುಗಳ ಆಗಮನವಾಗುತ್ತಿದೆ" ಅನ್ನೋದು ಬೇಡ. ನಮ್ಮ ದುರ್ಗದ ಮಾತು ಆಡಲಿ. ಮೂರು, ಸಿಡಿಮದ್ದು ಅರೆಯುತ್ತಿದ್ದ ಆ ದೊಡ್ಡ ಬೀಸುಕಲ್ಲುಗಳು ಕೋಟೆಯಲ್ಲಿ ಇನ್ನೂ ಇವೆ, ನಿನ್ನ ಕಥೆಯಲ್ಲಿ ಅವುಗಳ ಹತ್ತಿರ ಒಬ್ಬ ಮನುಷ್ಯನೂ ಇಲ್ಲ. ಅಲ್ಲಿ ದುಡಿದವರ ಒಂದು ಸೀನ್ ಬರಿ. ಅವರ ಬಟ್ಟೆ ಎಲ್ಲಿ ಸವೆದಿರುತ್ತೆ ಅಂತ ನಾನು ಈಗಿನಿಂದಲೇ ಯೋಚನೆ ಮಾಡುತ್ತಿರುತ್ತೇನೆ.

ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬಾ. ಬಿಸಿಲೇರುವ ಮೊದಲು ಹತ್ತೋಣ. ಸ್ಕ್ರಿಪ್ಟ್ ಪ್ರಿಂಟ್ ತೆಗೆಸಿಕೊಂಡು ಬಾ, ಮೊಬೈಲಿನಲ್ಲಿ ತೋರಿಸಬೇಡ.

ನಿನ್ನ,
ದುರ್ಗದ ಗೆಳೆಯ